ಆಪರೇಷನ್ ಆದ ಮೇಲೂ ಕಣ್ಣಲ್ಲಿ ನೀರೇ?

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಮಿಡಿಗೇಶಿ ಸಿಗುತ್ತದೆ. ಅದರ ಹತ್ತಿರದ ಹಳ್ಳಿಯೊಂದರಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಮಗನನ್ನು ಜೊತೆ ಮಾಡಿಕೊಂಡು ನನ್ನಲ್ಲಿಗೆ ಬಂದಿದ್ದರು. ಮಾತಿಗೊಮ್ಮೆ ಎಡಗಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಒರೆಸಿ ಒರೆಸಿ ಕಣ್ಣಿನ ಕೆಳಗಿನ ಚರ್ಮ ಕೆಂಪಾಗಿ ಸುಲಿದಂತಿತ್ತು. ಹಿಂದೆ ಆ ಕಣ್ಣಿನ ಮೂಲೆಯಲ್ಲಿ ಗಂಟು ಕಟ್ಟಿಕೊಂಡು, ಒತ್ತಿದರೆ ಕೀವು ಬರುತ್ತಿತ್ತಂತೆ. ಅದಕ್ಕಾಗಿ ಕಣ್ಣೀರಿನ ನಾಳದ ಶಸ್ತ್ರಚಿಕಿತ್ಸೆಯೂ ಆಗಿತ್ತು.

'ಆಪ್ರೇಸನ್ ಮಾಡ್ಸಿ ಆರು ತಿಂಗ್ಳಾತು ಸ್ವಾಮಿ. ಕೀವು ನಿಂತೋತು, ನೀರು ಮಾತ್ರ ನಿಲ್ಲಲಿಲ್ಲ' ಎಂದರು.

ಮಗನ ಚಿಂತೆ ಬೇರೆ. ಪರಿಚಯದವರು ಯಾರೋ 'ಮೊದಲ ಆಪರೇಷನ್ ಫೇಲಾಗಿದೆ, ಇನ್ನೊಮ್ಮೆ ಕೊಯ್ಯಿಸಲೇಬೇಕು' ಎಂದು ಹೇಳಿಬಿಟ್ಟಿದ್ದರು. ಅದಕ್ಕಾಗಿ ಎರಡು ಕುರಿ ಮಾರುವ ಮಾತುಕತೆಯೂ ಮನೆಯಲ್ಲಿ ನಡೆದಿತ್ತು. ಅದೇ ಕಣ್ಣಿನಲ್ಲಿ ಪೊರೆ ಬೇರೆ ಬೆಳೆಯುತ್ತಿತ್ತು. ನಾಳ ಸರಿಹೋಗದೆ ಪೊರೆಯ ಆಪರೇಷನ್ ಮಾಡುವಂತಿಲ್ಲ, ಎರಡನ್ನೂ ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂಬ ಹೆದರಿಕೆ ತಾಯಿ ಮಗ ಇಬ್ಬರಿಗೂ ಇತ್ತು.

ನಾನು ಕಣ್ಣಿನ ತಜ್ಞನಲ್ಲ. ಆದರೆ ಹೊಲಿಗೆ ಬಿಚ್ಚಿದ ಮೇಲೆ ರೋಗಿ ಮೊದಲು ಬರುವುದು ಊರಿನ ಡಾಕ್ಟರ ಹತ್ತಿರಕ್ಕೇ. ಅವರು ಕೇಳುವ ಪ್ರಶ್ನೆಯೂ ಒಂದೇ: ಆಪರೇಷನ್ ಆಗಿಯೂ ನೀರು ಬರುತ್ತಿದ್ದರೆ ಅದು ಕೆಟ್ಟಿತು ಎಂದೇ ಅರ್ಥವೇ? ಹಾಗೇನೂ ಇಲ್ಲ. ಹೊಸ ದಾರಿ ತೆರೆದಿದೆಯೇ ಎಂಬುದು ಒಂದು ಪ್ರಶ್ನೆ. ಆ ದಾರಿಯಲ್ಲಿ ಕಣ್ಣೀರು ತಾನಾಗಿ ಹರಿಯುತ್ತಿದೆಯೇ ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಇವೆರಡನ್ನು ಬಿಡಿಸಿ ನೋಡದೆ ಮತ್ತೆ ಚಾಕುವಿಗೆ ಕೈಹಾಕುವುದು ಸರಿಯಲ್ಲ.

ಕೆರೆ, ತೂಬು, ಕೋಡಿ

ನಮ್ಮ ಮಧುಗಿರಿ, ಶಿರಾ, ಪಾವಗಡದ ಬರದ ಸೀಮೆಯವರಿಗೆ ಕೆರೆಯ ಲೆಕ್ಕಾಚಾರವನ್ನು ಯಾರೂ ಹೇಳಿಕೊಡಬೇಕಿಲ್ಲ. ಕಣ್ಣನ್ನೂ ಒಂದು ಪುಟ್ಟ ಕೆರೆ ಎಂದುಕೊಳ್ಳಿ. ಮೇಲುರೆಪ್ಪೆಯ ಒಳಗೆ, ಹೊರಮೂಲೆಯ ಕಡೆಗೆ ಇರುವ ಅಶ್ರುಗ್ರಂಥಿಯಿಂದ ನೀರು ಬರುತ್ತದೆ. ಅಳದೆ ನಗದೆ ಸುಮ್ಮನಿದ್ದಾಗ ನಿಮಿಷಕ್ಕೆ ಸುಮಾರು 1 ಮೈಕ್ರೋಲೀಟರ್, ಅಂದರೆ ಮಿಲಿಲೀಟರಿನ ಸಾವಿರದ ಒಂದು ಪಾಲು. ನೀವು ಕಣ್ಣಿಗೆ ಬಿಟ್ಟುಕೊಳ್ಳುವ ಔಷಧಿಯ ಒಂದು ಹನಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ಕಣ್ಣೀರು ಒಂದೇ ಹನಿಯಲ್ಲಿ ಬಂದಂತೆ! ಅದಕ್ಕೇ ಔಷಧಿ ಹಾಕಿದಾಗ ಕೆನ್ನೆಯ ಮೇಲೆ ಇಳಿಯುವುದು.

ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯ ಒಳತುದಿಯನ್ನು ಸ್ವಲ್ಪ ಹೊರಕ್ಕೆ ಎಳೆದು ನೋಡಿ. ಮೂಗಿನ ಕಡೆ ಸೂಜಿಮೊನೆಯಷ್ಟು ದೊಡ್ಡ ರಂಧ್ರವೊಂದು ಕಾಣುತ್ತದೆ. ಮೇಲುರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ಇವೇ ತೂಬುಗಳು. ಇಲ್ಲಿಂದ ಸುಮಾರು 10 ಮಿಲಿಮೀಟರ್ ಉದ್ದದ ಕಿರುನಾಳಗಳು ಹೊರಟು, ಒಂದಾಗಿ, ಮೂಗಿನ ಪಕ್ಕದ ಮೂಳೆಯ ಗುಳಿಯಲ್ಲಿ ಕೂತಿರುವ ಅಶ್ರುಚೀಲವನ್ನು ಸೇರುತ್ತವೆ. ಚೀಲದ ತಳದಿಂದ ಇನ್ನೊಂದು ನಾಳ ಮೂಳೆಯೊಳಗೆ ಇಳಿದು ಮೂಗಿನಲ್ಲಿ ತೆರೆಯುತ್ತದೆ. ಅತ್ತಾಗ ಮೂಗು ಸೋರುವುದು, ಕಣ್ಣಿಗೆ ಹಾಕಿದ ಔಷಧಿಯ ಕಹಿ ಗಂಟಲಿಗೆ ತಿಳಿಯುವುದು ಇದರಿಂದಲೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನೀರು ತಗ್ಗಿಗೆ ಹರಿಯುವಂತೆ ಕಣ್ಣೀರು ಈ ನಾಳಗಳಿಗೆ ಸುಮ್ಮನೆ ಇಳಿದು ಹೋಗುವುದಿಲ್ಲ. ನಾವು ರೆಪ್ಪೆ ಮಿಟುಕಿಸಿದಾಗಲೆಲ್ಲ ಕಣ್ಣಿನ ಸುತ್ತಲಿನ ಸ್ನಾಯು ಹಿಂಡಿ ಬಿಡುತ್ತದೆ, ಆ ಎಳೆತಕ್ಕೆ ನೀರು ಒಳಸೇರುತ್ತದೆ. ರೆಪ್ಪೆಯೇ ಪಂಪು ಎನ್ನಿ. ಮುಖದ ಪಾರ್ಶ್ವವಾಯು ಆದವರಲ್ಲಿ, ವಯಸ್ಸಾಗಿ ಕೆಳರೆಪ್ಪೆ ಜೋತವರಲ್ಲಿ ನಾಳ ಎಷ್ಟೇ ಸ್ವಚ್ಛವಾಗಿದ್ದರೂ ಪಂಪು ಎಳೆಯದೆ ನೀರು ಹೊರಕ್ಕೆ ಇಳಿಯುತ್ತದೆ.

ಕೆರೆ ಕೋಡಿ ಬೀಳಲು ತೂಬು ಕಟ್ಟಿರುವುದು ಒಂದೇ ಕಾರಣವಲ್ಲವಲ್ಲ. ಮಳೆ ವಿಪರೀತ ಬಂದರೂ ಕೋಡಿ ಬೀಳುತ್ತದೆ. ಧೂಳು, ಒಲೆಯ ಹೊಗೆ, ಒಳಮುಖವಾಗಿ ಚುಚ್ಚುವ ರೆಪ್ಪೆಗೂದಲು, ಕೊನೆಗೆ ಕಣ್ಣು ಒಣಗುವ ಕಾಯಿಲೆ ಕೂಡ ಕಣ್ಣನ್ನು ಕೆಣಕಿ ನೀರು ಸುರಿಸುತ್ತವೆ. 'ಒಣಗಿದ ಕಣ್ಣಿನಲ್ಲಿ ನೀರೇ?' ಎಂದು ನಗಬೇಡಿ. ಪದರ ಒಣಗಿ ಉರಿ ಹತ್ತಿದಾಗ ಗ್ರಂಥಿ ಗಾಬರಿಗೊಂಡು ಒಮ್ಮೆಲೇ ನೀರು ಕಳಿಸುತ್ತದೆ. ಕಡಲೆಕಾಯಿ ಒಕ್ಕಣೆಯ ದಿನಗಳಲ್ಲಿ ಗಾಳಿಗೆ ತೂರುವಾಗ ಯಾರ ಕಣ್ಣು ತಾನೇ ನೀರಾಡುವುದಿಲ್ಲ?

ಯಾವ ಆಪರೇಷನ್ ಆಗಿದೆ?

ನಾನು ಮೊದಲು ಕೇಳಿದ್ದು ಡಿಸ್ಚಾರ್ಜ್ ಚೀಟಿ. ಮಗ ಜೇಬಿನಿಂದ ಮಡಿಸಿ ಮಡಿಸಿ ಹರಿದಿದ್ದ ಕಾಗದ ತೆಗೆದ. ಅದರಲ್ಲಿ 'ಡಿ.ಸಿ.ಆರ್.' ಎಂದಿತ್ತು. ಈ ಮೂರು ಅಕ್ಷರ ಬಹಳ ಮುಖ್ಯ.

ಅಶ್ರುಚೀಲದಲ್ಲಿ ಕೀವು ಕಟ್ಟಿದಾಗ ಎರಡು ಬಗೆಯ ಶಸ್ತ್ರಚಿಕಿತ್ಸೆ ಮಾಡುವುದುಂಟು. ಡಿ.ಸಿ.ಆರ್. ಎಂದರೆ ಕಟ್ಟಿಕೊಂಡ ನಾಳವನ್ನು ಅದರ ಪಾಡಿಗೆ ಬಿಟ್ಟು, ಚೀಲಕ್ಕೂ ಮೂಗಿಗೂ ನಡುವಿನ ತೆಳುಮೂಳೆಯಲ್ಲಿ ಕಿಂಡಿ ತೆಗೆದು ನೇರ ದಾರಿ ಮಾಡುವುದು. ಇಟಲಿಯ ಫ್ಲಾರೆನ್ಸಿನ ಅಡ್ಡಿಯೋ ಟೋಟಿ ಎಂಬ ವೈದ್ಯ 1904ರಲ್ಲಿ ಇದನ್ನು ವಿವರಿಸಿದ. ಈಗ ಕೆಲವರು ಹೊರಗಡೆ ಚರ್ಮ ಕೊಯ್ದು ಮಾಡುತ್ತಾರೆ, ಕೆಲವರು ಮೂಗಿನೊಳಗಿನಿಂದ ಎಂಡೋಸ್ಕೋಪ್ ತೂರಿಸಿ ಮಾಡುತ್ತಾರೆ. ನುರಿತವರು ಮಾಡಿದರೆ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ದಾರಿ ಉಳಿದುಕೊಳ್ಳುತ್ತದೆ.

ಇನ್ನೊಂದು ಡಿ.ಸಿ.ಟಿ. ಇದರಲ್ಲಿ ಚೀಲವನ್ನೇ ತೆಗೆದುಹಾಕುತ್ತಾರೆ. ಬಹಳ ವಯಸ್ಸಾದವರಿಗೆ, ದೊಡ್ಡ ಆಪರೇಷನ್ ತಡೆಯಲಾರದವರಿಗೆ ಇದನ್ನು ಆರಿಸುತ್ತಾರೆ. ಕೀವಿನ ತಾಣವೇ ಹೋಗುವುದರಿಂದ ಸೋಂಕಿನ ಭಯವಿಲ್ಲ. ಆದರೆ ನೀರು ಹೋಗುವ ದಾರಿಯೂ ಇರುವುದಿಲ್ಲ. ಡಿ.ಸಿ.ಟಿ. ಆದವರ ಕಣ್ಣಿನಲ್ಲಿ ನೀರು ಬಂದರೆ ಅದು ನಿರೀಕ್ಷಿತವೇ. ಅದಕ್ಕೆ ಸ್ಕ್ಯಾನು ಮಾಡಿಸುತ್ತ ಊರೂರು ಅಲೆಯಬೇಕಾಗಿಲ್ಲ. ಇದನ್ನು ಆಪರೇಷನ್ನಿಗೆ ಮೊದಲೇ ಮನೆಯವರಿಗೆ ಬಿಡಿಸಿ ಹೇಳಿದ್ದರೆ ಎಷ್ಟೋ ಜನರ ಬೇಸರ ತಪ್ಪುತ್ತಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಚೀಲದ ಕೀವಿಗೆ ಯಾಕಿಷ್ಟು ಮಹತ್ವ? ಡಾ. ಎಂ.ಸಿ. ಮೋದಿಯವರು ಊರೂರಿಗೆ ನೇತ್ರ ಶಿಬಿರ ಕೊಂಡೊಯ್ದ ನಾಡು ನಮ್ಮದು. ಶಿಬಿರಕ್ಕೆ ಹೋಗಿ ಬಂದವರಿಗೆ ನೆನಪಿರಬಹುದು, ಅಲ್ಲಿ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಕೀವು ಬಂದರೆ ಆ ದಿನ ಪೊರೆ ತೆಗೆಯುವುದಿಲ್ಲ. ತೆರೆದ ಕಣ್ಣಿನೊಳಕ್ಕೆ ಆ ಕೀವಿನ ರೋಗಾಣುಗಳು ಹೊಕ್ಕರೆ ಕಣ್ಣೇ ಹೋಗಬಹುದು. 'ಶಿಬಿರದಿಂದ ವಾಪಸ್ ಕಳಿಸಿಬಿಟ್ಟರು' ಎಂದು ಕೋಪಿಸಿಕೊಂಡು ಬರುವವರಿಗೆ, ಕಳಿಸಿದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುತ್ತೇನೆ.

ಈ ತಾಯಿಗೆ ಆಗಿದ್ದುದು ಡಿ.ಸಿ.ಆರ್. ಕಣ್ಣಿನ ಒಳಮೂಲೆಯನ್ನು, ಮೂಗಿನ ಬುಡದ ಪಕ್ಕದಲ್ಲಿ ಮೆತ್ತಗೆ ಒತ್ತಿ ನೋಡಿದೆ. ಕೀವೂ ಇಲ್ಲ, ಲೋಳೆಯೂ ಇಲ್ಲ. ಅಂದರೆ ಚೀಲದಲ್ಲಿ ಕೊಳೆ ನಿಂತಿಲ್ಲ. ಅಷ್ಟರಿಂದಲೇ ಮೊದಲ ಆಪರೇಷನ್ ತನ್ನ ಮುಖ್ಯ ಕೆಲಸವನ್ನು ಮಾಡಿದೆ ಎಂದು ಅವರಿಗೆ ಧೈರ್ಯ ಹೇಳಬಹುದಾಗಿತ್ತು. ಈ ಒತ್ತುವ ಪರೀಕ್ಷೆಯನ್ನು ಮನೆಯಲ್ಲಿ ನೀವೂ ಮಾಡಿ ನೋಡಬಹುದು. ಆದರೆ ಅಲ್ಲಿ ಕೆಂಪಗೆ ಊದಿ ನೋವಿದ್ದರೆ ಮುಟ್ಟಲೇಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ.

ನೀರು ಹಾಯಿಸಿ ನೋಡುವುದು

ಅಲ್ಲಿಂದ ಅವರನ್ನು ಕಣ್ಣಿನ ತಜ್ಞರಿಗೆ ಬರೆದುಕೊಟ್ಟೆ. ತಜ್ಞರು ಮೊದಲು ಮಾಡಿದ್ದು ಸಿರಿಂಜಿಂಗ್. ಮೊಂಡು ಸೂಜಿಯನ್ನು ಕೆಳರೆಪ್ಪೆಯ ರಂಧ್ರಕ್ಕೆ ತೂರಿಸಿ ಸಲೈನ್ ನೀರನ್ನು ನೂಕುತ್ತಾರೆ. ದಾರಿ ತೆರೆದಿದ್ದರೆ ಗಂಟಲಿಗೆ ಉಪ್ಪುಪ್ಪಾಗಿ ತಿಳಿಯುತ್ತದೆ. 'ಗಂಟ್ಲಿಗೆ ಬಂತು' ಎಂದು ಆಕೆ ತಕ್ಷಣ ಹೇಳಿದರಂತೆ. ದಾರಿ ಮುಚ್ಚಿಲ್ಲ ಎಂದಾಯಿತು. ಮಗನಿಗೆ ಇನ್ನಷ್ಟು ಗೊಂದಲ. ದಾರಿ ತೆರೆದಿದ್ದರೆ ನೀರು ಯಾಕೆ ಸುರಿಯಬೇಕು?

ಸಿರಿಂಜಿನ ನೀರು ಕೈಯ ಒತ್ತಡದಿಂದ ಹೋಗುತ್ತದೆ, ಕಣ್ಣೀರಿಗೆ ಆ ಒತ್ತಡ ಎಲ್ಲಿದೆ? ಹೂಳು ತುಂಬಿದ ಕಾಲುವೆಗೆ ಐದು ಎಚ್.ಪಿ. ಮೋಟಾರು ಹಚ್ಚಿ ನೀರು ನೂಕಿದರೆ ಹೇಗೋ ಆಚೆ ಬಂದೀತು. ತೂಬಿನಿಂದ ತಾನಾಗಿ ಇಳಿಯುವ ನೀರು ಅದೇ ಕಾಲುವೆಯಲ್ಲಿ ಅರ್ಧಕ್ಕೇ ನಿಂತೀತು.

ನಾಳಗಳ ಚಿತ್ರ ತೆಗೆಯುವ ಹಳೆಯ ವಿಧಾನಕ್ಕೂ ಇದೇ ಮಿತಿಯಿದೆ. ಕ್ಷ-ಕಿರಣಕ್ಕೆ ಕಾಣುವ ದ್ರವವನ್ನು ನಾಳಕ್ಕೆ ತುಂಬಿ ಚಿತ್ರ ತೆಗೆಯುವುದನ್ನು 1909ರಲ್ಲಿ ಅಮೆರಿಕದ ಯೂಯಿಂಗ್ ಎಂಬ ವೈದ್ಯ ಬಿಸ್ಮತ್ ಲವಣ ಬಳಸಿ ಮಾಡಿ ತೋರಿಸಿದ. ಮುಂದೆ ಅಯೋಡಿನ್ ಇರುವ ದ್ರವಗಳು ಬಂದವು. ಇದಕ್ಕೆ ಡ್ಯಾಕ್ರಿಯೋಸಿಸ್ಟೋಗ್ರಫಿ, ಚಿಕ್ಕದಾಗಿ ಡಿ.ಸಿ.ಜಿ. ಎನ್ನುತ್ತಾರೆ. ಚೀಲ ಎಷ್ಟು ದೊಡ್ಡದಿದೆ, ಕಿಂಡಿ ಎಲ್ಲಿದೆ, ಎಲ್ಲಿ ಕಿರಿದಾಗಿದೆ ಎಂಬುದನ್ನು ಇದು ಅಚ್ಚುಕಟ್ಟಾಗಿ ತೋರಿಸುತ್ತದೆ. ಡಿ.ಸಿ.ಆರ್.ನಲ್ಲಿ ಕಿಂಡಿಯನ್ನು ತೀರ ಮೇಲಕ್ಕೆ ತೆಗೆದಿದ್ದರೆ ಚೀಲದ ಕೆಳಭಾಗ ಹೊಂಡದಂತೆ ಉಳಿದು, ಅದರಲ್ಲಿ ಲೋಳೆ ನಿಲ್ಲುವುದುಂಟು. ಸಿರಿಂಜಿನ ನೀರು ಸರಾಗವಾಗಿ ಹೋಗುತ್ತದೆ, ಆದರೂ ಮೂಲೆ ಒತ್ತಿದರೆ ಲೋಳೆ ಬರುತ್ತದೆ. ಅಂಥ ಹೊಂಡವನ್ನು ಹಿಡಿಯಲು ಡಿ.ಸಿ.ಜಿ. ಒಳ್ಳೆಯದು. ಆದರೆ ಇಲ್ಲಿಯೂ ದ್ರವವನ್ನು ನೂಕಿಯೇ ತುಂಬುವುದು.

ಸಿ.ಟಿ. ಸ್ಕ್ಯಾನ್ ಮೂಳೆಯ ವಿಷಯದಲ್ಲಿ ಎತ್ತಿದ ಕೈ. ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬನಿಗೆ ಬೈಕಿನಿಂದ ಬಿದ್ದು ಮೂಗಿನ ಪಕ್ಕದ ಮೂಳೆ ಮುರಿದಿತ್ತು. ಆಮೇಲೆ ಡಿ.ಸಿ.ಆರ್. ಆಗಿಯೂ ಕೀವು ನಿಲ್ಲಲಿಲ್ಲ. ಸಿ.ಟಿ.ಯಲ್ಲಿ ಹಳೆಯ ಮುರಿತದ ಮೂಳೆಯ ಚೂರು ಕಿಂಡಿಗೆ ಅಡ್ಡ ನಿಂತದ್ದು ಸ್ಪಷ್ಟವಾಗಿ ಕಂಡಿತು. ಅವನಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ, ಮತ್ತೊಂದು ಆಪರೇಷನ್ನೇ ಬೇಕಾಯಿತು.

ಕಿಂಡಿಯ ಅಳತೆಯ ಬಗ್ಗೆ ಒಂದು ಮಾತು. ಸ್ಕ್ಯಾನ್ ವರದಿಯಲ್ಲಿ 'ಕಿಂಡಿ ಚಿಕ್ಕದು' ಎಂದು ಓದಿದ ಕೂಡಲೇ ಎದೆಯೊಡೆದುಕೊಳ್ಳಬೇಡಿ. 1982ರಲ್ಲಿ ಅಮೆರಿಕದ ಲಿನ್‌ಬರ್ಗ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಆಪರೇಷನ್ ಸಮಯದಲ್ಲಿ ಸರಾಸರಿ 12 ಮಿಲಿಮೀಟರಿನಷ್ಟು ಅಗಲವಾಗಿ ತೆಗೆದ ಕಿಂಡಿ, ಗಾಯ ಮಾಗಿದ ಮೇಲೆ ಮೂಗಿನೊಳಗೆ ಸುಮಾರು 2 ಮಿಲಿಮೀಟರಿಗೆ ಇಳಿದಿತ್ತು. ಅಷ್ಟರಲ್ಲೇ ಕಣ್ಣೀರು ಚೆನ್ನಾಗಿ ಹರಿಯುತ್ತಿತ್ತು.

ಒಂದು ಹನಿಯ ಹಿಂದೆ ಕ್ಯಾಮೆರಾ

ತಜ್ಞರು ಮುಂದೆ ಮಾಡಿದ್ದು ಸರಳವಾದ ಬಣ್ಣದ ಪರೀಕ್ಷೆ. ಫ್ಲೋರೆಸಿನ್ ಎಂಬ ಹಳದಿ ಬಣ್ಣವನ್ನು ಎರಡೂ ಕಣ್ಣಿಗೆ ಹಾಕಿ ಐದು ನಿಮಿಷ ಬಿಟ್ಟು ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಆರೋಗ್ಯವಾದ ಕಣ್ಣಿನಲ್ಲಿ ಅಷ್ಟರಲ್ಲಿ ಬಣ್ಣ ಬಹುಪಾಲು ಇಳಿದುಹೋಗಿರುತ್ತದೆ. ಈಕೆಯ ಬಲಗಣ್ಣಿನಲ್ಲಿ ಹಾಗೇ ಆಯಿತು. ಎಡಗಣ್ಣಿನಲ್ಲಿ ಬಣ್ಣ ಕೆಳರೆಪ್ಪೆಯ ಅಂಚಿನಲ್ಲಿ ಕಾಲುವೆ ಕಟ್ಟಿ ನಿಂತೇ ಇತ್ತು. ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿದಾಗ ಕಿಂಡಿ ಚೆನ್ನಾಗಿ ತೆರೆದಿತ್ತು, ಮಾಂಸ ಬೆಳೆದು ಮುಚ್ಚಿರಲಿಲ್ಲ. ಆದರೂ ಬಣ್ಣ ಅಲ್ಲಿಗೆ ಬರುತ್ತಿರಲಿಲ್ಲ. ದಾರಿಯಿದೆ, ಹರಿವಿಲ್ಲ. ನೀರು ಎಲ್ಲಿ ನಿಲ್ಲುತ್ತಿದೆ? ಕಣ್ಣಿನಲ್ಲೇ ನಿಂತು ಚೀಲಕ್ಕೆ ಹೋಗುತ್ತಿಲ್ಲವೋ, ಚೀಲಕ್ಕೆ ಹೋಗಿ ಅಲ್ಲಿಂದ ಹೊರಡುತ್ತಿಲ್ಲವೋ? ಮೊದಲನೆಯದಾದರೆ ರೆಪ್ಪೆಯನ್ನೋ ಕಿರುನಾಳವನ್ನೋ ನೋಡಬೇಕು. ಎರಡನೆಯದಾದರೆ ಕಿಂಡಿಯನ್ನು ಮತ್ತೆ ಸರಿಮಾಡುವ ಯೋಚನೆ. ಎರಡು ಕುರಿಯ ಪ್ರಶ್ನೆ ಬಂದು ನಿಂತದ್ದು ಇಲ್ಲಿ.

ಇದಕ್ಕಾಗಿ ಅವರನ್ನು ಬೆಂಗಳೂರಿಗೆ ಡ್ಯಾಕ್ರಿಯೋಸಿಂಟಿಗ್ರಫಿ ಎಂಬ ಪರೀಕ್ಷೆಗೆ ಕಳಿಸಿದರು. ಹೆಸರು ಉದ್ದವಾದರೂ ಪರೀಕ್ಷೆ ಬಲು ಸುಲಭ. 1972ರಲ್ಲಿ ಅಮೆರಿಕದ ರೊಸೊಮಾಂಡೊ ಮತ್ತು ಜೊತೆಗಾರರು ಇದನ್ನು ಮೊದಲು ಪ್ರಕಟಿಸಿದರು. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಹೊಮ್ಮಿಸುವ ವಸ್ತುವಿನ ಚಿಕ್ಕ ಹನಿ, ಸುಮಾರು 10 ಮೈಕ್ರೋಲೀಟರ್, ಕಣ್ಣಿಗೆ ಬಿಡುತ್ತಾರೆ. ಸೂಜಿಯಿಲ್ಲ, ನೂಕುವುದಿಲ್ಲ, ಅರಿವಳಿಕೆಯೂ ಬೇಡ. ರೋಗಿ ಗಾಮಾ ಕ್ಯಾಮೆರಾದ ಮುಂದೆ ಕುಳಿತು ಎಂದಿನಂತೆ ರೆಪ್ಪೆ ಮಿಟುಕಿಸುತ್ತಿರಬೇಕು, ಅಷ್ಟೇ. ಹನಿ ಹೋದಲ್ಲೆಲ್ಲ ಅದು ಹೊಮ್ಮಿಸುವ ಕಿರಣವನ್ನು ಕ್ಯಾಮೆರಾ ಹಿಡಿದು, ಒಂದರ ಹಿಂದೊಂದು ಚಿತ್ರ ತೆಗೆಯುತ್ತದೆ. ಕಾಲುವೆಯಲ್ಲಿ ಎಲೆಯೊಂದನ್ನು ತೇಲಿಬಿಟ್ಟು ದಡದಲ್ಲಿ ಅದರ ಜೊತೆಗೇ ನಡೆದು ಹೋದ ಹಾಗೆ. ಎರಡೂ ಕಣ್ಣಿಗೆ ಒಟ್ಟಿಗೆ ಹಾಕುವುದರಿಂದ ಹೋಲಿಸಿ ನೋಡಲು ಅನುಕೂಲ.

ಸಾಮಾನ್ಯವಾಗಿ ಹನಿ ಬಹಳ ಬೇಗ ಚೀಲವನ್ನು ಮುಟ್ಟುತ್ತದೆ, ಮೂಗನ್ನು ಸೇರಲು ಇನ್ನಷ್ಟು ನಿಮಿಷಗಳು ಬೇಕು. ಮೂಗಿಗೆ ತಲುಪುವ ಹೊತ್ತು ಆರೋಗ್ಯವಂತರಲ್ಲೂ ಒಬ್ಬರಿಂದೊಬ್ಬರಿಗೆ ಬೇರೆಯಾಗುತ್ತದೆ. ಕೆಲವರಲ್ಲಿ ಪರೀಕ್ಷೆ ಮುಗಿಯುವವರೆಗೂ ತಲುಪದಿರುವುದುಂಟು. ಆದ್ದರಿಂದ 'ಮೂಗಿಗೆ ಬರಲಿಲ್ಲ' ಎಂಬ ಒಂದೇ ಸಾಲನ್ನು ಹಿಡಿದುಕೊಂಡು ಯಾರೂ ಆಪರೇಷನ್ ನಿರ್ಧರಿಸಬಾರದು. ಎಲ್ಲಿ ನಿಂತಿತು ಎಂಬುದೇ ಮುಖ್ಯ. ಡಿ.ಸಿ.ಆರ್. ಆದವರಲ್ಲಿ ಚೀಲವೇ ನೇರವಾಗಿ ಮೂಗಿಗೆ ತೆರೆದಿರುವುದರಿಂದ, ಹನಿ ಚೀಲದ ಜಾಗವನ್ನು ಮುಟ್ಟಿ ಅಲ್ಲೇ ಗುಡ್ಡೆ ಬಿದ್ದರೆ ಕಿಂಡಿಯ ಮೇಲೆ ಅನುಮಾನ. ಚೀಲಕ್ಕೇ ಬರದಿದ್ದರೆ ಕಿಂಡಿಯದು ತಪ್ಪಲ್ಲ.

'ವಿಕಿರಣ' ಎಂಬ ಮಾತು ಕೇಳಿಯೇ ಮಗ ಬೆಚ್ಚಿದ್ದ. ಅವನೊಬ್ಬನೇ ಅಲ್ಲ, ಓದಿದವರೂ ಹೆದರುತ್ತಾರೆ. ಟೆಕ್ನೀಷಿಯಂನ ಗುಣವೆಂದರೆ ಆರು ಗಂಟೆಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಮತ್ತಾರು ಗಂಟೆಗೆ ಉಳಿದದ್ದರ ಅರ್ಧ. ಒಂದು ದಿನ ಕಳೆಯುವಷ್ಟರಲ್ಲಿ ಹದಿನಾರನೇ ಒಂದು ಪಾಲು. ಜೊತೆಗೆ ಹನಿಯೇ ಅಷ್ಟು ಚಿಕ್ಕದು, ಅದೂ ಕಣ್ಣೀರಿನ ಜೊತೆ ಇಳಿದುಹೋಗುತ್ತದೆ. ಕಣ್ಣಿನ ಮಸೂರಕ್ಕೆ ತಗಲುವ ವಿಕಿರಣ ಡಿ.ಸಿ.ಜಿ.ಯಲ್ಲಿ ತಗಲುವುದಕ್ಕಿಂತ ಬಹಳ ಕಡಿಮೆ. ಆದರೂ ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಮುಂಚಿತವಾಗಿ ತಿಳಿಸಲೇಬೇಕು.

ಬೇಗ ಕರಗಿಹೋಗುವ ಈ ವಸ್ತುವನ್ನು ಆಸ್ಪತ್ರೆಯವರು ಎಲ್ಲಿಂದ ತರುತ್ತಾರೆ? ಮಾಲಿಬ್ಡಿನಂ ಎಂಬ ಇನ್ನೊಂದು ವಸ್ತುವಿನಿಂದ ಇದು ಹುಟ್ಟುತ್ತದೆ. ಮಾಲಿಬ್ಡಿನಂ ಇರುವ ಪೆಟ್ಟಿಗೆಯನ್ನು ಆಸ್ಪತ್ರೆಗೆ ತರಿಸಿಟ್ಟುಕೊಂಡು ದಿನವೂ ಬೇಕಾದಷ್ಟು ಟೆಕ್ನೀಷಿಯಂ ತೆಗೆಯುತ್ತಾರೆ. ಅಲ್ಲಿನವರ ಆಡುಮಾತಿನಲ್ಲಿ ಇದಕ್ಕೆ 'ಹಸು ಕರೆಯುವುದು' ಎಂದೇ ಹೆಸರು! ನಮ್ಮ ಪರಮಾಣು ಶಕ್ತಿ ಇಲಾಖೆಗೆ ಸೇರಿದ ಮುಂಬೈಯ 'ಬ್ರಿಟ್' ಸಂಸ್ಥೆ ಇಂಥ ಪೆಟ್ಟಿಗೆಗಳನ್ನು ಒದಗಿಸುತ್ತದೆ. ಆದರೆ ಗಾಮಾ ಕ್ಯಾಮೆರಾ ದುಬಾರಿ ಯಂತ್ರ. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಮಿಡಿಗೇಶಿಯವರಿಗೆ ಅದು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ಆದ್ದರಿಂದಲೇ ಬೇಕಾದವರಿಗೆ ಮಾತ್ರ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಏನು ಕಂಡಿತು?

ಬಲಗಣ್ಣಿನ ಹನಿ ಬೇಗನೆ ಚೀಲಕ್ಕೆ ಇಳಿದು ಮುಂದೆ ಹೋಗಿತ್ತು. ಎಡಗಣ್ಣಿನ ಹನಿ ಪರೀಕ್ಷೆಯ ಉದ್ದಕ್ಕೂ ರೆಪ್ಪೆಯ ಅಂಚಿನಲ್ಲೇ ಉಳಿದಿತ್ತು. ಕೊನೆಕೊನೆಗೆ ಚೂರೇಚೂರು ಒಳಸೇರಿದ್ದು ಕಿಂಡಿಯ ಮೂಲಕ ತಡೆಯಿಲ್ಲದೆ ಮೂಗಿಗೆ ಹೋಗಿತ್ತು. ಅಂದರೆ ಟೋಟಿಯ ಕಿಂಡಿ ಸರಿಯಿದೆ, ತೂಬಿನ ಬಾಯಿಗೇ ನೀರು ಸಿಗುತ್ತಿಲ್ಲ.

ತಜ್ಞರು ಮತ್ತೆ ರೆಪ್ಪೆಯನ್ನು ಪರೀಕ್ಷಿಸಿದರು. ಕೆಳರೆಪ್ಪೆಯನ್ನು ಬೆರಳಿನಲ್ಲಿ ಎಳೆದು ಬಿಟ್ಟರೆ ಅದು ಫಕ್ಕನೆ ಹಿಂದಿರುಗಿ ಕಣ್ಣುಗುಡ್ಡೆಗೆ ಅಂಟಿಕೊಳ್ಳಬೇಕು. ಈಕೆಯದು ಸಡಿಲವಾಗಿ ನಿಂತುಬಿಡುತ್ತಿತ್ತು. ವರ್ಷಗಟ್ಟಲೆ ನೀರು ಬರುತ್ತ, ಸೆರಗಿನಿಂದ ಕೆಳಕ್ಕೆಳೆದು ಒರೆಸಿ ಒರೆಸಿ, ಮೊದಲೇ ವಯಸ್ಸಿಗೆ ಸಡಿಲಾಗಿದ್ದ ರೆಪ್ಪೆ ಇನ್ನಷ್ಟು ಜೋತಿತ್ತು. ತೂಬಿನ ಬಾಯಿ ನೀರಿನಿಂದ ದೂರ ಸರಿದಿತ್ತು. ಚೀಲದ ಕೀವಿನ ಗದ್ದಲದಲ್ಲಿ ಮೊದಲು ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಆಮೇಲೆ ಮಾಡಿದ್ದು ರೆಪ್ಪೆಯನ್ನು ಹೊರಮೂಲೆಯಲ್ಲಿ ಬಿಗಿ ಮಾಡುವ ಚಿಕ್ಕ ಶಸ್ತ್ರಚಿಕಿತ್ಸೆ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಸಾಕು. ಮೂಳೆ ಕೊರೆಯುವ ಪ್ರಶ್ನೆಯೇ ಇಲ್ಲ. ಎರಡು ತಿಂಗಳ ಮೇಲೆ ಬಂದಾಗ ಸೆರಗು ಒಣಗಿತ್ತು. ಪೂರ್ತಿ ನಿಂತಿತು ಎಂದರೆ ಸುಳ್ಳಾದೀತು. ಗಾಳಿಯಲ್ಲಿ ಹೊಲಕ್ಕೆ ಹೋದರೆ, ಒಲೆ ಮುಂದೆ ಕೂತರೆ ಈಗಲೂ ನೀರಾಡುತ್ತದೆ. 'ಅಷ್ಟಿದ್ರೆ ಇರ್ಲಿ ಬುಡಿ ಸ್ವಾಮಿ' ಎಂದರು. ಚೀಲದಲ್ಲಿ ಕೀವಿಲ್ಲದ ಕಾರಣ ಪೊರೆಯ ಆಪರೇಷನ್ನಿಗೂ ಅಡ್ಡಿಯಿರಲಿಲ್ಲ, ಅದೂ ಆಯಿತು.

ಎಲ್ಲರಿಗೂ ಬೇಡ

ಇದನ್ನು ಓದಿ ನಾಳೆಯೇ 'ನಮಗೂ ಆ ಕ್ಯಾಮೆರಾ ಪರೀಕ್ಷೆ ಬರೆದುಕೊಡಿ' ಎಂದು ಯಾರೂ ಕೇಳಬೇಡಿ. ಡಿ.ಸಿ.ಆರ್. ಆದ ಮೊದಲ ಕೆಲವು ವಾರ ಒಳಗೆ ಊತವಿರುತ್ತದೆ. ಕೆಲವರಿಗೆ ದಾರಿ ಮುಚ್ಚದಿರಲೆಂದು ಸಿಲಿಕೋನ್ ಕೊಳವೆ ಇಟ್ಟಿರುತ್ತಾರೆ. ಅದನ್ನು ತೆಗೆಯುವವರೆಗೂ ಅಲ್ಪಸ್ವಲ್ಪ ನೀರು ಬರುವುದು ಸಾಮಾನ್ಯ. ಕಣ್ಣಿನ ಮೂಲೆಯಲ್ಲಿ ಕಾಣುವ ಆ ಸಣ್ಣ ಎಳೆಯನ್ನು ದಾರವೆಂದು ತಿಳಿದು ಎಳೆದುಕೊಂಡವರೂ ಇದ್ದಾರೆ. ದಯವಿಟ್ಟು ಎಳೆಯಬೇಡಿ. ಗಾಯ ಮಾಗಿದ ಮೇಲೂ ನೀರು ಬರುತ್ತಿದ್ದರೆ ಸಿರಿಂಜಿಂಗ್, ಬಣ್ಣದ ಪರೀಕ್ಷೆ, ಮೂಗಿನ ಎಂಡೋಸ್ಕೋಪಿ ಇಷ್ಟರಲ್ಲೇ ಹೆಚ್ಚಿನವರ ಕಾರಣ ತಿಳಿದುಬಿಡುತ್ತದೆ. ಸಿರಿಂಜಿನ ನೀರು ಒಂದು ತೊಟ್ಟೂ ಹೋಗದಿದ್ದರೆ ದಾರಿ ಮುಚ್ಚಿರುವುದು ಖಚಿತ. ಆಗ ಹರಿವನ್ನು ಅಳೆಯುವ ಸಿಂಟಿಗ್ರಫಿಯಿಂದ ಹೊಸದೇನೂ ತಿಳಿಯುವುದಿಲ್ಲ, ಬೇಕಾದರೆ ಸಿ.ಟಿ.ಯೋ ಡಿ.ಸಿ.ಜಿ.ಯೋ ಉಪಯೋಗಕ್ಕೆ ಬರುತ್ತದೆ. ದಾರಿ ತೆರೆದಿದ್ದೂ ಕಣ್ಣು ತುಂಬುವ ಕೆಲವರಿಗೆ ಮಾತ್ರ ಹನಿಯ ಹಿಂದೆ ಹೋಗುವ ಈ ಪರೀಕ್ಷೆ ಬೇಕು.

ಕೂಸುಗಳ ವಿಷಯ ಬೇರೆ. ಹುಟ್ಟಿದ ಕೆಲವು ವಾರಗಳಲ್ಲೇ ಕಣ್ಣಲ್ಲಿ ನೀರು, ಪಿಸುರು ಬಂದರೆ ನಾಳದ ಕೆಳತುದಿಯ ಪೊರೆ ಇನ್ನೂ ತೆರೆದಿಲ್ಲ ಎಂದರ್ಥ. ವೈದ್ಯರು ತೋರಿಸಿಕೊಟ್ಟಂತೆ ಕಣ್ಣಿನ ಮೂಲೆಯಿಂದ ಕೆಳಕ್ಕೆ ಬೆರಳಿನಿಂದ ನೀವುತ್ತಿದ್ದರೆ ವರ್ಷ ತುಂಬುವುದರೊಳಗೆ ಬಹುತೇಕ ಮಕ್ಕಳಲ್ಲಿ ತಾನೇ ಸರಿಹೋಗುತ್ತದೆ. ಅವಕ್ಕೆ ಸ್ಕ್ಯಾನಿನ ಮಾತೇ ಬೇಡ.

ಇನ್ನು ಮನೆಮದ್ದು. ಆಪರೇಷನ್ ಆದ ಕಣ್ಣಿಗೆ ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಹಾಕಬೇಡಿ. ನಂಬಿಕೆಯನ್ನು ನಾನು ಹಳಿಯುತ್ತಿಲ್ಲ, ಸೋಂಕಿಗೆ ಹೆದರಿ ಹೇಳುತ್ತಿದ್ದೇನೆ. ಕಣ್ಣು ಒರೆಸುವಾಗ ಸೆರಗು, ಟವೆಲ್ ಬಿಟ್ಟು, ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಮೂಗಿನ ಕಡೆಗೆ, ಮೇಲ್ಮುಖವಾಗಿ ಒತ್ತಿ ಹೀರಿಸಿಕೊಳ್ಳಿ. ಕೆಳಕ್ಕೆ ಎಳೆದು ಒರೆಸಬೇಡಿ. ಕಣ್ಣೀರಿನ ಜೊತೆ ರಕ್ತ ಬಂದರೆ, ಕಣ್ಣಿನ ಮೂಲೆಯಲ್ಲಿ ಗಟ್ಟಿ ಗಂಟು ಬೆಳೆಯುತ್ತಿದ್ದರೆ ತಡಮಾಡಬಾರದು. ದಕ್ಷಿಣ ಭಾರತದಲ್ಲಿ ಕೆರೆಕುಂಟೆಗಳಲ್ಲಿ ಮೀಯುವವರ ಅಶ್ರುಚೀಲಕ್ಕೆ ತಗಲುವ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕೂ ಹಾಗೆ 'ರಕ್ತ ಕಣ್ಣೀರು' ತರಿಸುತ್ತದೆ. ಅಪರೂಪಕ್ಕೆ ಚೀಲದ ಗಡ್ಡೆಯೂ ಇರಬಹುದು. ಆಗ ಸಿ.ಟಿ. ಅಥವಾ ಎಂ.ಆರ್.ಐ. ಮೊದಲು ಆಗಬೇಕು.

ಮೊದಲ ತಪಾಸಣೆಗೆ ದೂರ ಹೋಗಬೇಕಾಗಿಲ್ಲ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ, ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದವರು ನಡೆಸುವ ಶಾರದಾದೇವಿ ಕಣ್ಣಿನ ಆಸ್ಪತ್ರೆಯಿದೆ. ಬೆಂಗಳೂರಿನ ಮಿಂಟೋ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವುದೇ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಕಣ್ಣೀರಿನ ನಾಳದ ಕಾಯಿಲೆಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಸಿಂಟಿಗ್ರಫಿಗೆ ಹೋಗುವ ದಿನ ಕಾಡಿಗೆ ಹಚ್ಚಿಕೊಳ್ಳಬೇಡಿ. ದಿನವೂ ಹಾಕುವ ಕಣ್ಣಿನ ಹನಿಗಳನ್ನು ನಿಲ್ಲಿಸಬೇಕೇ ಎಂದು ಪರೀಕ್ಷೆ ಬರೆದುಕೊಟ್ಟವರನ್ನೇ ಕೇಳಿ. ಹನಿ ಬಿಟ್ಟ ಮೇಲೆ ಕಣ್ಣು ಉಜ್ಜಬಾರದು, ಒರೆಸಲೂಬಾರದು. ಕೆನ್ನೆಗೆ ಇಳಿದರೆ ಅಲ್ಲಿನವರೇ ಒರೆಸುತ್ತಾರೆ. ಹಿಂದಿನ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ, ಯಾವ ಕಣ್ಣಿಗೆ ಯಾವ ಆಪರೇಷನ್ ಆಗಿದೆ ಎಂದು ತಿಳಿಯದೆ ಚಿತ್ರವನ್ನು ಸರಿಯಾಗಿ ಓದಲಾಗುವುದಿಲ್ಲ. ಬರುವಾಗ ವರದಿಯ ಹಾಳೆಯೊಂದನ್ನೇ ತರದೆ ಚಿತ್ರಗಳನ್ನೂ ಕೇಳಿ ಪಡೆದು ಆಪರೇಷನ್ ಮಾಡಿದ ವೈದ್ಯರಿಗೇ ಮೊದಲು ತೋರಿಸಿ.